ಓಲ್ಡ್ ಕೋರ್ಸ್ ಆಡಬೇಕಾ, ಕಾರ್ನೂಸ್ಟಿ ಆಡಬೇಕಾ?

ಸ್ಕಾಟ್ಲೆಂಡಿಗೆ ಗಾಲ್ಫ್ ಕಿಟ್ ಹೊತ್ತು ಹೊರಟ ಗೆಳೆಯರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಎರಡೂ ಗಾಲ್ಫಿನ ದೊಡ್ಡ ಟೂರ್ನಿಯಾದ ಓಪನ್ ಚಾಂಪಿಯನ್‌ಶಿಪ್ ನಡೆಯುವ ಕೋರ್ಸ್‌ಗಳು. ಎರಡೂ ಸಮುದ್ರದ ಪಕ್ಕದ ಮರಳು ನೆಲದ ಲಿಂಕ್ಸ್. ಎರಡೂ ಸಾರ್ವಜನಿಕರಿಗೆ ತೆರೆದಿವೆ, ಕ್ಲಬ್ ಸದಸ್ಯರೇ ಆಗಬೇಕಿಲ್ಲ. ನಡುವೆ ಟೇ ನದಿ ದಾಟಿದರಾಯಿತು. ಆದರೆ ಆಡಲು ಇವೆರಡೂ ಬೇರೆ ಬೇರೆಯೇ.

ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸನ್ನು ಒಬ್ಬರು ಕೂತು ವಿನ್ಯಾಸ ಮಾಡಿದ್ದಲ್ಲ. ಜನ ಶತಮಾನಗಟ್ಟಲೆ ಆಡುತ್ತಾ ಆಡುತ್ತಾ ಆದದ್ದು. ಮೊದಲ ಟೀನಲ್ಲಿ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ನಿಂತಾಗ ನನಗೆ ಖುಷಿಯೇ ಆಯಿತು. 1 ಮತ್ತು 18ನೇ ಹೋಲ್‌ಗಳ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಒಂದಕ್ಕೊಂದು ಸೇರಿಕೊಂಡಿವೆ, ಅಷ್ಟು ಅಗಲ! ಎಡಕ್ಕೆ ಸ್ವಲ್ಪ ಜಾಸ್ತಿ ಹೋದರೂ ಚೆಂಡು ಸಿಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಬೆಂಗಳೂರಿನಲ್ಲಿ ಮರಗಳ ಸಾಲು ನೋಡಿ ಗುರಿ ಹಿಡಿದು ರೂಢಿಯಾದವರಿಗೆ ಇಲ್ಲಿ ಎಲ್ಲಿಗೆ ಹೊಡೆಯಬೇಕೆಂದೇ ತೋಚುವುದಿಲ್ಲ. ಹಿಂದೆ ಇದೇ ಕೋರ್ಸನ್ನು ಉಲ್ಟಾ ದಿಕ್ಕಿನಲ್ಲೂ ಆಡುತ್ತಿದ್ದರು. ಹಾಗಾಗಿ ಎಷ್ಟೋ ಬಂಕರ್‌ಗಳು, ಅಂದರೆ ಮರಳಿನ ಗುಂಡಿಗಳು, ಟೀನಿಂದ ಕಾಣುವುದೇ ಇಲ್ಲ. ಒಟ್ಟು 112 ಬಂಕರ್ ಇವೆ. 2000ದ ಓಪನ್‌ನಲ್ಲಿ ಟೈಗರ್ ವುಡ್ಸ್ ನಾಲ್ಕೂ ದಿನ ಒಂದು ಬಂಕರಿಗೂ ಬೀಳದೆ 19 ಅಂಡರ್‌ನಲ್ಲಿ, ಅಂದರೆ ಪಾರ್‌ಗಿಂತ (ನಿಗದಿತ ಹೊಡೆತಗಳಿಗಿಂತ) 19 ಕಡಿಮೆಯಲ್ಲಿ, ಗೆದ್ದರು. ಅದು ಎಂಥ ಸಾಧನೆ ಅಂತ ಇಲ್ಲಿ ಆಡಿದ ಮೇಲೇ ಗೊತ್ತಾಗುವುದು.

ಗ್ರೀನ್‌ಗಳೂ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗಗಳೂ, ಹಾಗೇ. ಏಳು ಗ್ರೀನ್‌ಗಳಲ್ಲಿ ಎರಡೆರಡು ಹೋಲ್. 2 ಮತ್ತು 16, 3 ಮತ್ತು 15, ಹೀಗೆ ಕೂಡಿದರೆ 18 ಬರುತ್ತದೆ. ಗ್ರೀನ್ ಮುಟ್ಟಿದೆ ಅಂತ ಬೀಗುವಷ್ಟರಲ್ಲಿ ಪಟ್ ಮಾಡಬೇಕಾದ (ಕುಳಿಗೆ ಚೆಂಡು ಉರುಳಿಸಬೇಕಾದ) ದೂರ ನೋಡಿ ನಗು ಬರುತ್ತದೆ. ಇಲ್ಲಿ ಕಿಟ್ ಹೊತ್ತು ದಾರಿ ಹೇಳುವ ಕ್ಯಾಡಿ ಬೇಡ ಅನ್ನಬೇಡಿ.

ಕಾರ್ನೂಸ್ಟಿಯಲ್ಲಿ ಈ ಕಣ್ಣಾಮುಚ್ಚಾಲೆ ಕಡಿಮೆ. ಊರು ಸಾದಾ, ಕ್ಲಬ್‌ಹೌಸ್‌ಗೂ ಅಂಥ ಸೊಗಸಿಲ್ಲ. ಆದರೆ ಕೋರ್ಸ್ ಇದೆಯಲ್ಲ, ಅದು ಬಿಡುವುದಿಲ್ಲ. 1920ರ ದಶಕದಲ್ಲಿ ಜೇಮ್ಸ್ ಬ್ರೇಡ್ ತಿದ್ದಿ ಕೊಟ್ಟ ವಿನ್ಯಾಸ. ಸತತ ಮೂರು ಹೋಲ್ ಒಂದೇ ದಿಕ್ಕಿಗೆ ಸಾಗುವುದಿಲ್ಲ, ಹಾಗಾಗಿ ಗಾಳಿ ಒಮ್ಮೆ ಎದುರಿಗೆ, ಒಮ್ಮೆ ಪಕ್ಕಕ್ಕೆ. ಲೆಕ್ಕ ಹಿಡಿಯುವಷ್ಟರಲ್ಲಿ ಹೋಲ್ ಮುಗಿದಿರುತ್ತದೆ. 6ನೆಯದು ಹೋಗನ್ಸ್ ಆಲಿ. ಎಡಕ್ಕೆ ಬೇಲಿ, ಫೇರ್‌ವೇ ನಡುವೆ ಬಂಕರ್. ಬೆನ್ ಹೋಗನ್ ತಾವು ಆಡಿದ ಒಂದೇ ಒಂದು ಓಪನ್ ಗೆದ್ದದ್ದು ಇಲ್ಲೇ, 1953ರಲ್ಲಿ.

ಕೊನೆಯ ಮೂರು ಹೋಲ್ ಅಂತೂ ಕೇಳಲೇಬೇಡಿ. 16ನೆಯದು ಪಾರ್ 3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು, ಆದರೆ ನನ್ನಂಥವರು ದೂರ ಹೊಡೆಯುವ ಡ್ರೈವರ್ ಕೋಲನ್ನೇ ಹಿಡಿಯಬೇಕು. 1975ರಲ್ಲಿ ಇಲ್ಲಿ ಓಪನ್ ಗೆದ್ದ ಟಾಮ್ ವಾಟ್ಸನ್‌ಗೇ ಈ ಹೋಲ್‌ನಲ್ಲಿ ಆ ಸಲ ಒಮ್ಮೆಯೂ ಪಾರ್ ಸಿಗಲಿಲ್ಲ. 17 ಮತ್ತು 18ರಲ್ಲಿ ಬ್ಯಾರಿ ಬರ್ನ್ ಎಂಬ ತೊರೆ ಮತ್ತೆ ಮತ್ತೆ ಅಡ್ಡ ಬರುತ್ತದೆ. 1999ರಲ್ಲಿ ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ ಮೂರು ಹೊಡೆತದ ಮುನ್ನಡೆಯೊಂದಿಗೆ 18ಕ್ಕೆ ಬಂದರು. ಆರರಲ್ಲಿ ಮುಗಿಸಿದ್ದರೂ ಸಾಕಿತ್ತು. ಶೂ, ಸಾಕ್ಸ್ ಬಿಚ್ಚಿ ನೀರಿಗಿಳಿದರು, ಏಳು ಹೊಡೆದರು, ಪ್ಲೇಆಫ್‌ನಲ್ಲಿ ಪಾಲ್ ಲಾರಿಗೆ ಸೋತರು. ಟಿವಿಯಲ್ಲಿ ನೋಡುವಾಗ ಪೆದ್ದುತನ ಅನ್ನಿಸಿತ್ತು. ಆ ಟೀನಲ್ಲಿ ನಿಂತು ನೋಡಿದರೆ ಪಾಪ ಅನ್ನಿಸುತ್ತದೆ.

ನನ್ನ ಓಟು ಕಾರ್ನೂಸ್ಟಿಗೆ. ಚೆನ್ನಾಗಿ ಹೊಡೆದದ್ದಕ್ಕೆ ಅಲ್ಲಿ ತಕ್ಕ ಫಲ ಸಿಗುತ್ತದೆ. ಓಲ್ಡ್ ಕೋರ್ಸ್‌ನಲ್ಲಿ ಒಳ್ಳೆಯ ಹೊಡೆತವೂ ಉಬ್ಬಿಗೆ ಬಡಿದು ಬಂಕರಿಗೆ ಉರುಳಬಹುದು. ಹಾಗಂತ ಸ್ವಿಲ್ಕನ್ ಸೇತುವೆ ದಾಟಿ, ಊರಿನವರು ನೋಡುತ್ತಿರುವಾಗ 18ನೇ ಗ್ರೀನ್‌ಗೆ ನಡೆಯುವ ಸುಖ ಕಾರ್ನೂಸ್ಟಿಯಲ್ಲಿಲ್ಲ, ಅದನ್ನೂ ಒಪ್ಪಬೇಕು. ಹ್ಯಾಂಡಿಕ್ಯಾಪ್ ಜಾಸ್ತಿ ಇರುವವರಿಗೆ (ಅಂದರೆ ಆಟ ಇನ್ನೂ ಪಳಗದವರಿಗೆ), ಸುಮ್ನೆ ಆನಂದಿಸಬೇಕು ಅನ್ನುವವರಿಗೆ ಓಲ್ಡ್ ಕೋರ್ಸೇ ಸರಿ.

ಬುಕಿಂಗ್ ವಿಷಯಕ್ಕೆ ಬಂದರೆ, ಕಾರ್ನೂಸ್ಟಿಯ ಟೀ ಟೈಮ್ (ಆಟ ಶುರು ಮಾಡುವ ಹೊತ್ತು) ಮೊದಲೇ ಗೊತ್ತು ಮಾಡಿಕೊಳ್ಳಿ. ಓಲ್ಡ್ ಕೋರ್ಸ್‌ಗೆ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಇಟ್ಟುಕೊಂಡು ಬ್ಯಾಲಟ್‌ನಲ್ಲಿ (ಲಾಟರಿಯಲ್ಲಿ) ಹೆಸರು ಕೊಡಿ. ಒಂದು ದಿನ ಸಿಗದಿದ್ದರೆ ಮರುದಿನಕ್ಕೆ ಮತ್ತೆ ಕೊಡಿ. ಭಾನುವಾರ ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ, ಅವತ್ತು ಅಲ್ಲಿ ಗಾಲ್ಫ್ ಇಲ್ಲ, ಊರಿನವರು ನಾಯಿ ಕರೆದುಕೊಂಡು ಅಡ್ಡಾಡುತ್ತಾರೆ.