ಹಲಸೂರು ಗುರುದ್ವಾರದ ಲಂಗರ್ ಊಟ: ಒಂದು ಕೈ ಸಾಲದು

ಮೊದಲು ಊಟದ ವಿಷಯ ಹೇಳಿಬಿಡುತ್ತೇನೆ. ಹಲಸೂರು ಕೆರೆ ಪಕ್ಕದ ಕೆನ್ಸಿಂಗ್ಟನ್ ರಸ್ತೆಯಲ್ಲಿ ಬಿಳಿ ಗುಮ್ಮಟದ ಸಿಖ್ಖರ ಗುರುದ್ವಾರ ಇದೆಯಲ್ಲ, ಅಲ್ಲಿಗೆ ಹೋದ ಭಾನುವಾರ ಮಧ್ಯಾಹ್ನ ಲಂಗರ್‌ಗೆ, ಅಂದರೆ ಬಂದವರಿಗೆಲ್ಲ ಸುಮ್ನೆ ಹಾಕುವ ಊಟಕ್ಕೆ, ಹೋಗಿದ್ದೆ. ಗಟ್ಟಿ ದಾಲ್, ಆಲೂಗಡ್ಡೆ ಪಲ್ಯ, ಬಿಸಿ ರೊಟ್ಟಿ, ಅನ್ನ, ಕೊನೆಗೆ ಅಕ್ಕಿ ಪಾಯಸ. ದಾಲ್ ಚೆನ್ನಾಗಿ ಬೆಂದಿತ್ತು, ತಳ ಹಿಡಿದ ವಾಸನೆ ಇರಲಿಲ್ಲ. ದೊಡ್ಡ ಅಡುಗೆಯಲ್ಲಿ ಅದು ಸಣ್ಣ ಮಾತಲ್ಲ. ನಮ್ಮ ನಾಲಿಗೆಗೆ ಹುಳಿ ಖಾರ ಸ್ವಲ್ಪ ಕಮ್ಮಿ ಅನ್ನಿಸಬಹುದು, ಉಪ್ಪಿನಕಾಯಿ ಬಡಿಸುತ್ತಾರೆ, ಸರಿಹೋಗುತ್ತದೆ. ಪೂರ್ತಿ ಸಸ್ಯಾಹಾರ. ದುಡ್ಡಿಲ್ಲ, ಕೂಪನ್ ಇಲ್ಲ, ನೀವು ಯಾರು, ಎಲ್ಲಿಂದ ಬಂದಿರಿ ಅಂತ ಕೇಳುವವರಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ.

ನಾನು ಹನುಮಂತನಗರದ ಕಡೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. 26 ವರ್ಷ ಆಯ್ತು. ಮದುವೆ, ತಿಥಿ, ಗೃಹಪ್ರವೇಶ, ಅನ್ನದಾನ ಎಲ್ಲದಕ್ಕೂ ನಮ್ಮ ಕೊಳಗ, ಕಡಾಯಿ, ಬಕೆಟ್, ಸೌಟು ಹೋಗುತ್ತವೆ. ಪಂಕ್ತಿ ಕೂತಿರುವುದನ್ನು ದೂರದಿಂದ ನೋಡಿದರೆ ಸಾಕು, ಎಷ್ಟು ಎಲೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಸಾರು ಎಲ್ಲಿ ಕಮ್ಮಿ ಬೀಳುತ್ತದೆ ಅಂತ ಹೇಳಬಲ್ಲೆ. ನಾನೂ ವರ್ಷಾ ವರ್ಷ ರಾಮನವಮಿಗೆ ನಮ್ಮ ಬೀದಿಯಲ್ಲಿ ಪಾನಕ ಕೋಸಂಬರಿ ಕೊಡಿಸುತ್ತೇನೆ, ಒಂದು ದಿನ ಅನ್ನದಾನ ಮಾಡಿಸುತ್ತೇನೆ. ನಮ್ಮ ಕಡೆಯ ದೇವಸ್ಥಾನಕ್ಕೆ ಎರಡು ದೊಡ್ಡ ಹಿತ್ತಾಳೆ ಕೊಳಗ ಕೊಟ್ಟಿದ್ದೇನೆ. ಎರಡರ ಮೇಲೂ ನನ್ನ ಹೆಸರು, ಅಪ್ಪನ ಹೆಸರು ಕೆತ್ತಿಸಿದ್ದೇನೆ. ಹಬ್ಬದ ದಿನ ಹೋದಾಗ ಹೆಸರಿರುವ ಕಡೆ ಜನರಿಗೆ ಕಾಣುವ ಹಾಗೆ ಕೊಳಗ ತಿರುಗಿಸಿ ಇಟ್ಟು ಬರುತ್ತಿದ್ದೆ. ಒಂದೆರಡು ಸಲ ಅಲ್ಲ, ಪ್ರತಿ ಸಲ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳೆಲ್ಲ ನಿಂತವು, ಗೋಡೌನ್‌ನಲ್ಲಿ ಪಾತ್ರೆಗಳ ಮೇಲೆ ಧೂಳು ಕೂತಿತು, ಕೈಯಲ್ಲಿ ಕಾಸಿಲ್ಲ. ನಮ್ಮ ಬೀದಿಯ ಹುಡುಗರು ದಿನಸಿ ಕಿಟ್ ತಂದು ಬಾಗಿಲಲ್ಲಿ ನಿಂತರು. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ. ಮನೆಯಲ್ಲಿ ಅಕ್ಕಿ ಡಬ್ಬ ತಳ ಕಂಡಿತ್ತು. ನಾನು ತಗೊಳ್ಳಲಿಲ್ಲ. ‘ನಾನು ಕೊಡುವವನಪ್ಪ, ಇಸ್ಕೊಳ್ಳುವವನಲ್ಲ, ಇಲ್ಲದವರಿಗೆ ಕೊಡಿ’ ಅಂದು ವಾಪಸ್ ಕಳಿಸಿದೆ. ಆ ಹುಡುಗನ ಮುಖ ಇನ್ನೂ ಕಣ್ಣ ಮುಂದೆ ಇದೆ. ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ, ಒಳಗೆ ಹೋಗಿ ಗಂಜಿಗೆ ಇಟ್ಟಳು. ಆಗ ಅದು ಸ್ವಾಭಿಮಾನ ಅಂದುಕೊಂಡಿದ್ದೆ. ದೇವರನ್ನು ‘ಕೈ ಬಿಡಬೇಡಪ್ಪ’ ಅಂತ ಬೆಳಗ್ಗೆ ಸಂಜೆ ಬೇಡುತ್ತಿದ್ದವನು, ಅವನು ಕೈಯಲ್ಲಿ ಚೀಲ ಕೊಟ್ಟು ಕಳಿಸಿದಾಗ ಬಾಗಿಲಿಂದಲೇ ಹಿಂದೆ ಕಳಿಸಿದೆ ಅಂತ ಹೊಳೆಯಲು ಇಷ್ಟು ವರ್ಷ ಬೇಕಾಯ್ತು.

ಗುರುದ್ವಾರಕ್ಕೆ ನಾನಾಗೇ ಹೋದವನಲ್ಲ. ಭಾನುವಾರ ಹಲಸೂರಿನಲ್ಲಿ ಒಂದು ಮನೆಗೆ ಕುರ್ಚಿ, ಟೇಬಲ್ ಇಳಿಸಬೇಕಿತ್ತು. ಇಳಿಸುವಷ್ಟರಲ್ಲಿ ಒಂದೂವರೆ. ನಮ್ಮ ಟೆಂಪೋ ಡ್ರೈವರ್, ‘ಬನ್ನಿ ಅಣ್ಣ, ಇಲ್ಲೇ ಗುರುದ್ವಾರದಲ್ಲಿ ಊಟ ಮಾಡ್ಕೊಂಡು ಹೋಗೋಣ, ನಾನು ಈ ಕಡೆ ಬಂದಾಗೆಲ್ಲ ಬರ್ತೀನಿ’ ಅಂದ. ಹೋಟೆಲ್‌ಗೆ ಹೋಗೋಣ, ನಾನು ಕೊಡಿಸ್ತೀನಿ ಅಂದೆ. ಅವನು ಆಗಲೇ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದ.

ಚಪ್ಪಲಿ ಬಿಡುವ ಕಡೆಯೇ ಮೊದಲ ಪೆಟ್ಟು. ಕೌಂಟರ್ ಹಿಂದೆ ನಿಂತು ನನ್ನ ಮಣ್ಣು ಮೆತ್ತಿದ ಚಪ್ಪಲಿಯನ್ನು ಬರಿಗೈಯಲ್ಲಿ ಎತ್ತಿ ಇಟ್ಟು ಟೋಕನ್ ಕೊಟ್ಟವರು ಇಸ್ತ್ರಿ ಮಾಡಿದ ಅಂಗಿ, ಒಳ್ಳೆ ವಾಚು ಹಾಕಿದ್ದರು. ಕೂಲಿಗೆ ಇಟ್ಟುಕೊಂಡವರಲ್ಲ, ಸೇವೆಗೆ ಬಂದವರು. ಕೈಕಾಲು ತೊಳೆದುಕೊಂಡು, ಬುಟ್ಟಿಯಲ್ಲಿದ್ದ ಬಟ್ಟೆ ತಗೊಂಡು ತಲೆಗೆ ಕಟ್ಟಿಕೊಂಡೆ.

ಆಮೇಲೆ ಮಾಡಿದ ಮೊದಲ ಕೆಲಸ, ಜೇಬಿಂದ 500 ರೂಪಾಯಿ ತೆಗೆದು ರಸೀದಿ ಪುಸ್ತಕ ಇಟ್ಟುಕೊಂಡವರು ಯಾರಾದರೂ ಇದ್ದಾರಾ ಅಂತ ಹುಡುಕಿದ್ದು. ಊಟಕ್ಕೆ ಮುಂಚೆ ಕೊಟ್ಟುಬಿಟ್ಟರೆ ಯಾರ ಹಂಗೂ ಇರಲ್ಲ, ಲೆಕ್ಕ ಚುಕ್ತಾ. ವಯಸ್ಸಾದ ಸರ್ದಾರ್ಜಿ ಒಬ್ಬರು ನಿಂತಿದ್ದರು. ನಮ್ಮಷ್ಟೇ ಚೆನ್ನಾಗಿ ಕನ್ನಡ ಮಾತಾಡುತ್ತಾರೆ.

‘ಮೊದಲು ಊಟ ಮಾಡಿ ಸರ್.’

‘ಹಾಗಲ್ಲ, ಸುಮ್ನೆ ತಿನ್ನೋಕೆ ಆಗಲ್ಲ.’

‘ಇದು ಇರೋದೇ ಸುಮ್ನೆ ತಿನ್ನೋಕೆ’ ಅಂದು ನನ್ನ ಭುಜ ಮುಟ್ಟಿ ಪಂಕ್ತಿಯ ಕಡೆ ಕೈ ತೋರಿಸಿದರು.

ದುಡ್ಡು ಕೊಡಬಾರದು ಅಂತಲ್ಲ. ದೇವರ ಮುಂದೆ ಹುಂಡಿ ಇರುತ್ತದೆ, ಇಷ್ಟ ಇದ್ದವರು ಹಾಕುತ್ತಾರೆ. ಆದರೆ ಅದಕ್ಕೂ ಊಟಕ್ಕೂ ಸಂಬಂಧ ಇಲ್ಲ. ನನಗೆ ಬೇಕಾಗಿದ್ದದ್ದು ಆ ಸಂಬಂಧವೇ.

ನೆಲದ ಮೇಲೆ ಉದ್ದ ಪಟ್ಟಿ ಹಾಸಿದ್ದಾರೆ. ನನ್ನ ಎಡಕ್ಕೆ ನಮ್ಮ ಡ್ರೈವರ್, ಬಲಕ್ಕೆ ಹಸಿರು ಕೋಟಿನ ಪೌರಕಾರ್ಮಿಕ ಹೆಂಗಸು, ಅವರ ಆಚೆ ಐಡಿ ಕಾರ್ಡ್ ನೇತುಹಾಕಿಕೊಂಡ ಐಟಿ ಹುಡುಗ. ಒಂದೇ ನೆಲ, ಒಂದೇ ಥರದ ಸ್ಟೀಲ್ ತಟ್ಟೆ. ನನಗೆ ಆಗ ಏನು ನೆನಪಾಯ್ತು ಗೊತ್ತಾ? ನಾನು ಮಾಡಿಸುವ ಅನ್ನದಾನದಲ್ಲಿ ಡ್ರೈವರ್, ಕ್ಲೀನರ್, ಪಾತ್ರೆ ತೊಳೆಯುವವರು ಕೊನೇ ಪಂಕ್ತಿ. ಹೋಳಿಗೆ ಮುಗಿದಿದ್ದರೆ ಮುಗಿಯಿತು. ಈ ಮನುಷ್ಯ 9 ವರ್ಷದಿಂದ ನನ್ನ ಜೊತೆ ಇದ್ದಾನೆ. ಒಂದು ಸಲವೂ ಅವನ ಪಕ್ಕ ಕೂತು ಉಂಡವನಲ್ಲ ನಾನು.

ರೊಟ್ಟಿ ಬಂತು. ಬುಟ್ಟಿ ಹಿಡಿದ ಹುಡುಗ ‘ಪರ್ಶಾದಾ ಜೀ’ ಅಂತ ಕೂಗುತ್ತಾ ಬರುತ್ತಿದ್ದ. ಅವರು ರೊಟ್ಟಿಗೇ ಪರ್ಶಾದಾ ಅನ್ನುತ್ತಾರೆ. ನಾನು ತಟ್ಟೆ ಕಡೆ ಬೆರಳು ತೋರಿಸಿದೆ, ಅಲ್ಲಿ ಹಾಕಪ್ಪ ಅಂತ. ಅವನು ಹಾಕಲಿಲ್ಲ. ಒಂದು ಕೈ ಚಾಚಿದೆ. ಆಗಲೂ ನಗುತ್ತಾ ನಿಂತೇ ಇದ್ದ, ರೊಟ್ಟಿ ಅವನ ಕೈಯಲ್ಲೇ ಇತ್ತು. ಡ್ರೈವರ್ ಮೆಲ್ಲಗೆ ‘ಅಣ್ಣ, ಎರಡೂ ಕೈ’ ಅಂದ.

ಎರಡೂ ಕೈ ಜೋಡಿಸಿ ಚಾಚಿದಾಗ ಬೆನ್ನು ತಾನಾಗೇ ಸ್ವಲ್ಪ ಬಗ್ಗುತ್ತದೆ, ಗಮನಿಸಿ ನೋಡಿ. ನಾನು ಹಾಗೆ ಕೊನೆಯ ಸಲ ಯಾವಾಗ ಕೈ ಚಾಚಿದ್ದೆ ಅಂತ ನೆನಪಿಲ್ಲ. ಚಿಕ್ಕವನಿದ್ದಾಗ ಅಜ್ಜಿ ಮುಂದೆ ಇರಬೇಕು. ರೊಟ್ಟಿ ಅಂಗೈ ಮೇಲೆ ಬಿತ್ತು. ಬಿಸಿ, ಇನ್ನೂ ಉಬ್ಬಿಕೊಂಡೇ ಇತ್ತು, ಒಂದು ಕಡೆ ಸಣ್ಣಗೆ ಕರಕಲು, ಮೇಲೆ ಸವರಿದ ತುಪ್ಪ ಬೆರಳಿಗೆ ಅಂಟಿತು. ಗಂಟಲು ಕಟ್ಟಿತು ನನಗೆ. ‘ಅರ್ಧ ಸಾಕು, ಮಿಕ್ಕಿದ್ದು ಬೇರೆಯವರಿಗೆ ಕೊಡಿ’ ಅಂದೆ. ಇದೂ ಅದೇ ರೋಗ. ಕಿಟ್ ವಾಪಸ್ ಕಳಿಸಿದ್ದೂ ಇದೇ ಬಾಯಿ, ಆವತ್ತು ಗಟ್ಟಿಯಾಗಿ ಹೇಳಿತ್ತು, ಇವತ್ತು ಮೆತ್ತಗೆ ಹೇಳಿತು, ಅಷ್ಟೇ ವ್ಯತ್ಯಾಸ. ‘ನನಗೆ ಬೇಡ, ನನಗೆ ಅಷ್ಟು ಯೋಗ್ಯತೆ ಇಲ್ಲ’ ಅನ್ನುವುದು ವಿನಯದ ಹಾಗೆ ಕಾಣುತ್ತದೆ. ಆದರೆ ಅಲ್ಲೂ ಎಷ್ಟು ತಗೋಬೇಕು ಅಂತ ತೀರ್ಮಾನ ಮಾಡುವವನು ನಾನೇ, ಕೊಡುವವನಲ್ಲ. ನನ್ನ ಪಕ್ಕದ ಹೆಂಗಸು ಮೂರನೇ ರೊಟ್ಟಿಗೆ ಎರಡೂ ಕೈ ಚಾಚಿದರು. ಸಂಕೋಚ ಇಲ್ಲ, ಆಸೆಬುರುಕತನವೂ ಇಲ್ಲ. ತಗೊಂಡು ಕಣ್ಣಿಗೆ ಒತ್ತಿಕೊಂಡು ಉಂಡರು. ಹಸಿವಾಗಿತ್ತು, ಕೊಟ್ಟರು, ತಗೊಂಡರು. ವಿನಯ ಅಂದರೆ ಇಷ್ಟು ಹಗುರ ಅಂತ ನನಗೆ ಗೊತ್ತಿರಲಿಲ್ಲ.

ನಾವು ಪ್ರಸಾದ ಅಂದರೆ ಪುಳಿಯೋಗರೆ, ಸಜ್ಜಿಗೆ ಅಂದುಕೊಂಡಿದ್ದೇವೆ. ಆ ಮಾತಿಗೆ ಕೃಪೆ ಅಂತಲೇ ಅರ್ಥ. ಸಿಖ್ಖರ ಮೂಲಮಂತ್ರ ‘ಇಕ್ ಓಂಕಾರ್’ ಅಂತ ಶುರುವಾಗಿ ‘ಗುರ್ ಪ್ರಸಾದ್’ ಅಂತ ಮುಗಿಯುತ್ತದೆ, ಗುರುವಿನ ಕೃಪೆಯಿಂದ ಅಂತ. ಆ ಹುಡುಗ ರೊಟ್ಟಿ ಹಿಡಿದು ಕೂಗುತ್ತಿದ್ದದ್ದೂ ಅದೇ ಮಾತು. ದೇವರ ಮುಂದೆ ಕೊಡುವ ಕಡಾ ಪ್ರಸಾದವೂ ಹಾಗೇ. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಮೂರೂ ಸಮ ಸಮ ಹಾಕಿ ಮಾಡುತ್ತಾರೆ, ಯಾರೇ ಬರಲಿ ಎರಡೂ ಅಂಗೈ ಜೋಡಿಸಿಯೇ ತಗೋಬೇಕು. ಅಹಂಕಾರಕ್ಕೆ ಅವರು ‘ಹೌಮೈ’ ಅನ್ನುತ್ತಾರೆ, ‘ನಾನು ನಾನು’ ಅಂತ. ನಮ್ಮಲ್ಲಿ ದಾಸೋಹ ಅನ್ನುವ ಮಾತಿನೊಳಗೂ ‘ನಾನು ದಾಸ’ ಅಂತ ಇದೆಯಲ್ವಾ. ನನ್ನ ಅನ್ನದಾನದ ಬ್ಯಾನರ್‌ನಲ್ಲಿ ದಾಸೋಹ ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿ, ಅದಕ್ಕಿಂತ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಹಾಕಿಸಿದ್ದೆ.

ಊಟ ಆದಮೇಲೆ ಬಡಿಸುವ ಸೇವೆ ಕೊಡಿ ಅಂತ ಕೇಳಿದೆ. ಬಡಿಸಲು ಜನ ಇದ್ದಾರೆ, ತಟ್ಟೆ ತೊಳೆಯಲು ಬನ್ನಿ ಅಂದರು. ಹೋದೆ. ಸಾಲಾಗಿ ತೊಟ್ಟಿ, ಮೊದಲನೆಯದರಲ್ಲಿ ಎಂಜಲು ತೆಗೆದು ಜಾಲಿಸುವುದು, ಆಮೇಲೆ ಸೋಪು, ಆಮೇಲೆ ಎರಡು ಸಲ ನೀರು. ವ್ಯವಸ್ಥೆ ಅಚ್ಚುಕಟ್ಟು, ನಮ್ಮ ಅಡುಗೆ ಕಂಟ್ರಾಕ್ಟರ್‌ಗಳು ಬಂದು ನೋಡಬೇಕು. ನಲವತ್ತೈದು ನಿಮಿಷ ತೊಳೆದೆ. ಪಾತ್ರೆಯವನ ಅಭ್ಯಾಸ, ಕೈಗೆ ಬಂದ ತಟ್ಟೆ ತಿರುಗಿಸಿ ಯಾರ ಹೆಸರಿದೆ ಅಂತ ನೋಡುತ್ತಿದ್ದೆ. ನಾನು ತೊಳೆದದ್ದರಲ್ಲಿ ಒಂದರ ಮೇಲೂ ಹೆಸರಿರಲಿಲ್ಲ.

ಆ ಸರ್ದಾರ್ಜಿಯೂ ಪಕ್ಕಕ್ಕೆ ಬಂದು ಅಂಗಿ ತೋಳು ಮಡಿಸಿಕೊಂಡು ತೊಳೆಯಲು ನಿಂತರು. ಲಂಗರ್ ಶುರು ಮಾಡಿದ್ದು ಗುರು ನಾನಕರು, ಮುಂದೆ ಮೂರನೇ ಗುರು ಅಮರದಾಸರು, ಮೊದಲು ಪಂಕ್ತಿಯಲ್ಲಿ ಕೂತು ಊಟ, ಆಮೇಲೆ ಗುರುಗಳ ದರ್ಶನ ಅಂತ ನಿಯಮ ಮಾಡಿದರು ಅಂದರು. ಅಕ್ಬರ್ ಬಾದಶಹ ಬಂದಾಗಲೂ ಎಲ್ಲರ ಜೊತೆ ನೆಲದ ಮೇಲೆ ಕೂತು ಉಂಡನಂತೆ, ಉಂಡಮೇಲೆ ಲಂಗರ್‌ಗೆ ಜಮೀನು ಕೊಡುತ್ತೇನೆ ಅಂದನಂತೆ, ಗುರುಗಳು ಒಪ್ಪಲಿಲ್ಲವಂತೆ. ಅವರಲ್ಲಿ ಹಿಂದಿನಿಂದ ಹೇಳಿಕೊಂಡು ಬಂದ ಕಥೆ ಇದು. ನನ್ನ 500 ರೂಪಾಯಿ ಆಗ ಜೇಬಲ್ಲೇ ಇತ್ತು.

ನಾನು ಕನ್ನಡದವನು ಅಂತ ಅವರು ಬೀದರ್ ಮಾತು ತೆಗೆದರು. ಬೀದರಿನ ನಾನಕ್ ಝೀರಾ ನಾನು ನೋಡಿದ್ದೆ, ಗುರು ನಾನಕರ ಹೆಸರಿನ ಆ ನೀರಿನ ಬುಗ್ಗೆ. ಆದರೆ ಇದು ಗೊತ್ತಿರಲಿಲ್ಲ. 1699ರ ಬೈಸಾಖಿ ದಿನ ಪಂಜಾಬಿನ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗ್ ಕತ್ತಿ ಹಿಡಿದು ನಿಂತು, ಯಾರು ತಲೆ ಕೊಡುತ್ತೀರಿ ಅಂತ ಕೇಳಿದಾಗ ಎದ್ದು ಬಂದ ಐದು ಜನರಲ್ಲಿ ಒಬ್ಬರು ನಮ್ಮ ಬೀದರಿನವರು, ಕ್ಷೌರಿಕರು. ಸಾಹಿಬ್ ಚಂದ್ ಅಂತ ಇದ್ದವರು ಭಾಯಿ ಸಾಹಿಬ್ ಸಿಂಗ್ ಆದರು. ಕಬ್ಬಿಣದ ಬಟ್ಟಲಲ್ಲಿ ನೀರು ಹಾಕಿ, ಬತಾಸು ಹಾಕಿ, ಖಡ್ಗದಿಂದ ಕಲಕಿ ಆ ಐವರಿಗೂ ಗುರುಗಳು ಅಮೃತ ಕೊಟ್ಟರು, ಅದೇ ಅವರ ದೀಕ್ಷೆ. ‘ಅಲ್ಲಿಗೆ ಮುಗೀಲಿಲ್ಲ ಸರ್’ ಅಂದರು ಸರ್ದಾರ್ಜಿ, ತಟ್ಟೆ ಉಜ್ಜುವುದನ್ನು ನಿಲ್ಲಿಸಿ. ‘ಆಮೇಲೆ ಗುರುಗಳೇ ಆ ಐದು ಜನರ ಮುಂದೆ ಕೈಮುಗಿದು, ಈಗ ನೀವು ನನಗೆ ಕೊಡಿ ಅಂತ ಕೇಳಿದ್ರು. ಅವರ ಕೈಯಿಂದ ತಗೊಂಡ್ರು.’

ಕೊಟ್ಟವನೇ ಕೈ ಚಾಚಿದ. ತಾನು ಕೊಟ್ಟದ್ದನ್ನೇ, ತನ್ನ ಶಿಷ್ಯರಿಂದ, ಒಬ್ಬ ಕ್ಷೌರಿಕನೂ ಇದ್ದ ಆ ಗುಂಪಿನಿಂದ. ನಾನು 26 ವರ್ಷ ಪಾತ್ರೆ ಕೊಟ್ಟಿದ್ದೇನೆ, ಅನ್ನ ಹಾಕಿಸಿದ್ದೇನೆ, ಅದರಲ್ಲಿ ಒಂದು ದಿನವಾದರೂ ಆ ಪಂಕ್ತಿಯಲ್ಲಿ ಕೂತು ಬೇರೆಯವರ ಕೈಯಿಂದ ಬಡಿಸಿಕೊಂಡಿದ್ದರೆ ಲಾಕ್‌ಡೌನ್‌ನಲ್ಲಿ ಬಾಗಿಲಿಗೆ ಬಂದ ಆ ಚೀಲ ಏನು ಅಂತ ಗೊತ್ತಾಗುತ್ತಿತ್ತೇನೋ. ಹೊರಗೆ ಬಂದು ಟೆಂಪೋ ಹತ್ತುವ ತನಕ ನನಗೆ ಮಾತೇ ಹೊರಡಲಿಲ್ಲ.

ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ. ಕಿಟ್ ವಿಷಯವನ್ನೂ ಎತ್ತಿದೆ. ‘ಆವತ್ತು ಆ ಸಕ್ಕರೆ ಇದ್ದಿದ್ರೆ ಮಗುಗೆ ಒಂದು ಲೋಟ ಪಾನಕ ಮಾಡಿಕೊಡ್ತಿದ್ದೆ’ ಅಂದಳು. ಅಷ್ಟೇ ಅಂದಿದ್ದು.

ಸರಿ, ಹೋಗುವವರಿಗೆ ಕೆಲವು ಮಾತು. ಭಾನುವಾರ ಕೆರೆ ಸುತ್ತ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ನೇರಳೆ ಮಾರ್ಗದ ಹಲಸೂರು ಮೆಟ್ರೋದಲ್ಲಿ ಇಳಿದು ಆಟೋ ಹಿಡಿಯುವುದೇ ವಾಸಿ. ಬೀಡಿ ಸಿಗರೇಟ್, ಗುಟ್ಕಾ ಜೇಬಲ್ಲಿದ್ದರೆ ಒಳಗೆ ತಗೊಂಡು ಹೋಗಬೇಡಿ. ತಟ್ಟೆಯಲ್ಲಿ ಬಿಡಬೇಡಿ, ಬೇಕಾದಷ್ಟು ಸಲ ಬಡಿಸುತ್ತಾರೆ, ಸ್ವಲ್ಪ ಸ್ವಲ್ಪ ಹಾಕಿಸಿಕೊಳ್ಳಿ. ಫೋನ್ ಹಿಡಿದು ಊಟ ಮಾಡುವವರ ಮುಖದ ವಿಡಿಯೋ ಮಾಡುತ್ತಿದ್ದ ಇಬ್ಬರನ್ನು ನೋಡಿದೆ, ದಯವಿಟ್ಟು ಅದೊಂದು ಬೇಡ. ಹಸಿದು ಬಂದವರು ಇರುತ್ತಾರೆ. ಸಮಯ ಇದ್ದರೆ ಅರ್ಧ ಗಂಟೆ ತಟ್ಟೆ ತೊಳೆದು ಬನ್ನಿ. ಆದರೆ ಮೊದಲು ಕೂತು ಊಟ ಮಾಡಿ, ಸೇವೆ ಆಮೇಲೆ.

ಈ ಭಾನುವಾರ ಅಮ್ಮನನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅಮ್ಮನಿಗೆ ಮಂಡಿ ನೋವು, ಕೆಳಗೆ ಕೂರಲು ಆಗದವರಿಗೆ ಗೋಡೆ ಕಡೆ ಬೆಂಚು ಹಾಕಿದ್ದಾರೆ, ಅಲ್ಲಿ ಕೂರಿಸುತ್ತೇನೆ. ತಲೆಗೆ ಸೆರಗು ಹೊದ್ದುಕೊಂಡರೆ ಸಾಕಂತೆ. ಡ್ರೈವರ್‌ಗೂ ಫೋನ್ ಮಾಡಿ ಹೇಳಿದ್ದೇನೆ, ಈ ಸಲ ಅವನ ಮನೆಯವರನ್ನೂ ಕರೆದುಕೊಂಡು ಬರುತ್ತಾನೆ.