ಮಾಟುಂಗಾದ ಬ್ಯಾಗ್ ರಿಪೇರಿ ಕಾಕಾ: ಜಪಾನಿಗೆ ಒಬ್ಬಳೇ ಹೊರಡುವ ಮುಂಚೆ

ಮುಂದಿನ ತಿಂಗಳು ಜಪಾನಿಗೆ ಒಬ್ಬಳೇ ಹೊರಟಿದ್ದೇನೆ, ಹನ್ನೆರಡು ದಿನಕ್ಕೆ. ವೀಸಾ ಬಂತು, ಟಿಕೆಟ್ ಆಯ್ತು, ಉಳಿದದ್ದು ಬ್ಯಾಗ್. ನನ್ನ ಹತ್ತಿರ ಒಂಬತ್ತು ವರ್ಷ ಹಳೆಯ 40 ಲೀಟರಿನ ಬೆನ್ನಿನ ಬ್ಯಾಗ್ ಇದೆ. ಬಟ್ಟೆ ಇನ್ನೂ ಗಟ್ಟಿ. ಆದರೆ ಚೈನ್ ಎಳೆದರೆ ಹಿಂದೆಯೇ ಬಾಯಿ ಬಿಡುತ್ತಿತ್ತು, ಒಂದು ಭುಜದ ಪಟ್ಟಿಯ ಹೊಲಿಗೆ ಬಿಚ್ಚಿತ್ತು, ಎದೆ ಮೇಲೆ ಹಾಕುವ ಲಾಕ್ ಮುರಿದಿತ್ತು.

ಹೊಸದು ತಗೋ ಅಂತ ಎಲ್ಲರೂ ಹೇಳಿದರು. ಒಂದು ಮಾಲ್‌ಗೆ ಹೋದೆ. ಎಲ್ಲಿಗೆ, ಎಷ್ಟು ದಿನ, ಯಾರ ಜೊತೆ ಅಂತ ಒಂದು ಮಾತೂ ಕೇಳದೆ ಇದ್ದುದರಲ್ಲೇ ದೊಡ್ಡ ಟ್ರಾಲಿಯನ್ನು ನನ್ನ ಮುಂದೆ ಉರುಳಿಸಿದರು. ಟೋಕಿಯೊದಿಂದ ಕ್ಯೋಟೋಗೆ ಹೋಗುವ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರ ಮೂರೂ ಕೂಡಿಸಿ 160 ಸೆಂ.ಮೀ. ದಾಟಿದ ಪೆಟ್ಟಿಗೆಗೆ ಜಾಗವಿರುವ ಸೀಟನ್ನೇ ಮೊದಲೇ ಬುಕ್ ಮಾಡಬೇಕು, ಮಾಡದಿದ್ದರೆ 1,000 ಯೆನ್ ಕಟ್ಟಬೇಕು. ಇದು ನನಗೆ ಗೊತ್ತಿತ್ತು. ಸುಮ್ನೆ ವಾಪಸ್ ಬಂದೆ.

ಮುಂಬೈನ ಮಾಟುಂಗಾದಲ್ಲಿರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡಿ ಬರುವಾಗ ಗೆಳತಿಯೊಬ್ಬಳು ಈ ಕಾಕಾನನ್ನು ತೋರಿಸಿದಳು. ಮಾಟುಂಗಾ ಮಾರ್ಕೆಟ್ಟಿನ ಹೂವಿನ ಅಂಗಡಿಗಳು ಮುಗಿದ ಮೇಲೆ ಒಂದು ಸಣ್ಣ ಗಲ್ಲಿ. ಅಲ್ಲಿ ಒಂದು ಹೊಲಿಗೆ ಮಷೀನು, ಒಂದು ಸ್ಟೂಲು, ಗೋಡೆ ತುಂಬಾ ನೇತು ಹಾಕಿದ ಬ್ಯಾಗುಗಳು. ಕಾಕಾ ವಿಜಯಪುರದ ಕಡೆಯವರು, ನನ್ನ ಮಾತು ಕೇಳಿದ್ದೇ ಕನ್ನಡಕ್ಕೆ ಇಳಿದರು.

"ಎಲ್ಲಿಗೆ ಹೊಂಟೀರಿ ಅಕ್ಕಾರ?"

ಹೇಳಿದೆ.

"ಒಬ್ರೇ? ಹಂಗಾದ್ರ ಸಂಡಾಸಕ್ಕ ಹೋಗುವಾಗ ಬ್ಯಾಗ್ ಯಾರ ಕೈಯಾಗ ಕೊಡ್ತೀರಿ?"

ಎರಡು ತಿಂಗಳಿಂದ ತಯಾರಿ ಮಾಡುತ್ತಿದ್ದೇನೆ, ಎಷ್ಟೋ ಜನರನ್ನು ಕೇಳಿದ್ದೇನೆ, ಈ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ. ಯಾರ ಕೈಗೂ ಕೊಡುವ ಹಾಗಿಲ್ಲ ಅಲ್ವಾ. ಟಿಕೆಟ್ ಕೊಳ್ಳುವಾಗ, ಊಟ ಮಾಡುವಾಗ, ಮೆಟ್ಟಿಲು ಹತ್ತುವಾಗ ಅದು ನನ್ನ ಮೈಮೇಲೇ ಇರಬೇಕು. ಕಾಕಾ ಬ್ಯಾಗ್ ಎತ್ತಿ ನೋಡಿ, ಖಾಲಿ ಬ್ಯಾಗಿಗೆ ಪಟ್ಟಿ ಹೊಲಿಯುವುದಿಲ್ಲ, ಒಯ್ಯುವ ಸಾಮಾನೆಲ್ಲ ತುಂಬಿಕೊಂಡು ಬನ್ನಿ ಅಂತ ಕಳಿಸಿಬಿಟ್ಟರು.

ಮರುದಿನ ತುಂಬಿಕೊಂಡು ಹೋದೆ. ಪಕ್ಕದ ರದ್ದಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 8.4 ಕೆ.ಜಿ. ವಿಮಾನದೊಳಗೆ ಒಯ್ಯಲು ನನಗಿರುವುದು 7 ಕೆ.ಜಿ. ಅಲ್ಲೇ ಕೂತು ಎರಡನೇ ಜೊತೆ ಬೂಟು, ಒಂದು ಜೀನ್ಸ್ ತೆಗೆದೆ, 6.8ಕ್ಕೆ ಬಂತು. ಆಮೇಲೆ ಕಾಕಾ, ಝಡ್ ಬ್ರಿಡ್ಜ್ ಅನ್ನುವ ಅಲ್ಲಿನ ಪಾದಚಾರಿ ಸೇತುವೆ ಹತ್ತಿ ಇಳಿದು ಬನ್ನಿ ಅಂದರು. ಹತ್ತಿ ಇಳಿದು ಬಂದೆ. ಬಲಗಡೆ ಪಟ್ಟಿ ಎರಡು ಬೆರಳು ಕೆಳಗೆ ಕೂತಿತ್ತು, ಅಷ್ಟು ವರ್ಷದಿಂದ ನನ್ನ ಕುತ್ತಿಗೆ ನೋವು ಅದರಿಂದಲೇ ಇರಬೇಕು. ಹಳೆಯ ಹೊಲಿಗೆ ಪೂರ್ತಿ ಬಿಚ್ಚಿ, ಪಟ್ಟಿಯನ್ನು ಮೇಲೆ ಸರಿಸಿ, ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಹೊಲಿಗೆ ಹಾಕಿದ್ದಾರೆ. ಈಗ ಒಂದೇ ಪಟ್ಟಿ ಹಿಡಿದು ಎತ್ತಿದರೂ ಅಲುಗಾಡುವುದಿಲ್ಲ.

ಚೈನ್ ವಿಷಯ ಹೇಳಲೇಬೇಕು. ಇಡೀ ಚೈನ್ ಬದಲಿಸಬೇಕು ಅಂತ ಇನ್ನೊಂದು ಕಡೆ ಹೇಳಿದ್ದರು. ಕಾಕಾ ಉಗುರಿನಿಂದ ಚೈನಿನ ಹಲ್ಲುಗಳ ಮೇಲೆ ಈ ತುದಿಯಿಂದ ಆ ತುದಿವರೆಗೆ ಗೀರಿದರು, ಒಂದು ಕಡೆಯೂ ಉಗುರು ಸಿಕ್ಕಿಕೊಳ್ಳಲಿಲ್ಲ. "ಹಲ್ಲು ಛಲೋ ಅದಾವ, ರನ್ನರ್ ಸವದೈತಿ." ರನ್ನರ್ ಅಂದರೆ ಚೈನ್ ಮೇಲೆ ಹಿಂದೆ ಮುಂದೆ ಓಡಾಡುವ ತುಂಡು. ಎಳೆದೆಳೆದು ಅದರ ಬಾಯಿ ಅಗಲ ಆಗುತ್ತದೆ, ಆಗ ಅದು ಹಲ್ಲುಗಳನ್ನು ಒತ್ತಿ ಕೂಡಿಸುವುದಿಲ್ಲ, ಚೈನ್ ಹಿಂದಿನಿಂದ ಬಿಚ್ಚಿಕೊಳ್ಳುತ್ತದೆ. ತುದಿಯ ಹೊಲಿಗೆ ಬಿಚ್ಚಿ ಹೊಸ ರನ್ನರ್ ಏರಿಸಿದರು. 60 ರೂಪಾಯಿ. ಎರಡು ರನ್ನರ್ ಹಾಕಿಸಿಕೊಂಡೆ, ಮಧ್ಯದಲ್ಲಿ ಸೇರಿಸಿ ಸಣ್ಣ ಬೀಗ ಹಾಕಬಹುದು.

ನಾನು ಕೇಳಿ ಮಾಡಿಸಿದ್ದು ಎರಡು ಜೇಬು. ಜಪಾನಿನಲ್ಲಿ ಪ್ರವಾಸಿಗಳು ಪಾಸ್‌ಪೋರ್ಟ್ ಯಾವಾಗಲೂ ಜೊತೆಗೇ ಇಟ್ಟುಕೊಳ್ಳಬೇಕು, ಅದು ಅಲ್ಲಿನ ಕಾನೂನು. ಅವಧಿ ಮುಗಿದ ಹಳೆಯ ಪಾಸ್‌ಪೋರ್ಟನ್ನು ಅಳತೆಗೆ ಕೊಟ್ಟೆ, ಬೆನ್ನಿಗೆ ತಾಗುವ ಕಡೆ ಒಳಜೇಬು ಹೊಲಿದರು. ಬ್ಯಾಗ್ ಹಾಕಿಕೊಂಡಾಗ ಬೇರೆಯವರ ಕೈ ಅಲ್ಲಿಗೆ ಹೋಗಲು ಸಾಧ್ಯವಿಲ್ಲ. ಇನ್ನೊಂದು ಪವರ್ ಬ್ಯಾಂಕಿಗೆ. ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವ ಹಾಗಿಲ್ಲ, 2025ರ ಜುಲೈಯಿಂದ ಜಪಾನಿನ ವಿಮಾನಗಳಲ್ಲಿ ತಲೆ ಮೇಲಿನ ಖಾನೆಯಲ್ಲೂ ಇಡಬೇಡಿ ಅನ್ನುತ್ತಾರೆ. ಹಾಗಾಗಿ ಪಕ್ಕದಿಂದ ಥಟ್ಟನೆ ತೆಗೆಯುವ ಹಾಗೆ ಬೇಕಿತ್ತು.

ಔಷಧಿ ಚೀಲ ಮಾತ್ರ ಮನೆಯದೇ. ಬ್ಯಾಗಿನ ಮಾತಲ್ಲದಿದ್ದರೂ ಹೇಳಿಬಿಡುತ್ತೇನೆ, ಜಪಾನಿಗೆ ಹೋಗುವವರು ನೆಗಡಿ ಮಾತ್ರೆಯ ಪಟ್ಟಿ ತಿರುಗಿಸಿ ಓದಿ. ಮೂಗು ಕಟ್ಟಿದ್ದಕ್ಕೆ ಹಾಕುವ ಸೂಡೊಎಫೆಡ್ರಿನ್ ಅನ್ನುವ ಔಷಧ ಶೇ. 10ಕ್ಕಿಂತ ಜಾಸ್ತಿ ಇದ್ದರೆ ಒಯ್ಯುವಂತಿಲ್ಲ.

ಕೊರತೆಯೂ ಇದೆ. ಎರಡು ದಿನ ಅಂದವರು ಐದು ದಿನ ತಗೊಂಡರು, ಅಷ್ಟರಲ್ಲಿ ನಾನು ಮೂರು ಸಲ ಓಡಾಡಿದೆ. ಕರಿ ಬ್ಯಾಗಿಗೆ ಕಂದು ದಾರ ಹಾಕಿದ್ದಾರೆ, ಹತ್ತಿರದಿಂದ ಕಾಣುತ್ತದೆ. ಎದೆಯ ಹೊಸ ಲಾಕ್ ಸ್ವಲ್ಪ ಬಿಗಿ, ಚಳಿಯಲ್ಲಿ ಕೈಗವಸು ಹಾಕಿಕೊಂಡು ಬಿಚ್ಚುವುದು ಕಷ್ಟ ಆಗಬಹುದು. ಟ್ರಾಲಿಯ ಚಕ್ರದ ಕೆಲಸ ಅವರು ಮಾಡುವುದೇ ಇಲ್ಲ.

ಎಲ್ಲಾ ಸೇರಿ 420 ರೂಪಾಯಿ ಆಯಿತು. ಕಳೆದ ಶನಿವಾರ ಅದೇ ತೂಕ ಹೊತ್ತು ಒಬ್ಬಳೇ ಪುಣೆಗೆ ಹೋಗಿ ಬಂದೆ, ಶಿವಾಜಿನಗರದಿಂದ ಡೆಕ್ಕನ್‌ವರೆಗೆ ನಡೆದೆ. ಭುಜ ನೋಯಲಿಲ್ಲ. ಸ್ಟೇಷನ್ನಿನ ಟಾಯ್ಲೆಟ್ಟಿಗೂ ಬ್ಯಾಗ್ ಬೆನ್ನ ಮೇಲೇ ಬಂತು.

ನೀವು ಹೋಗುವುದಾದರೆ ಹೊರಡಲು ಮೂರು ವಾರ ಇರುವಾಗಲೇ ಹೋಗಿ, ಬೆಳಿಗ್ಗೆ ಹನ್ನೊಂದರ ಮೇಲೆ. ಬ್ಯಾಗ್ ತುಂಬಿಕೊಂಡೇ ಹೋಗಿ, ಇಲ್ಲದಿದ್ದರೆ ಕಾಕಾ ವಾಪಸ್ ಕಳಿಸುತ್ತಾರೆ. ದಾರದ ಬಣ್ಣ ಮೊದಲೇ ಹೇಳಿಬಿಡಿ.