ಶ್ರೀಲಂಕಾದಲ್ಲಿ ಆರಾಮಾಗಿ ಇರೋಕೆ ಯಾವ ತೀರ: ದಕ್ಷಿಣವೋ, ಪೂರ್ವವೋ?

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಇಳಿಸುತ್ತದೆ. ಸಮುದ್ರದ ಪಕ್ಕ ನಾಲ್ಕು ದಿನ ಇದ್ದು ಬರೋಣ ಅನ್ನುವವರು ನನ್ನ ಹತ್ತಿರ ಕೇಳುವುದು ಒಂದೇ ಪ್ರಶ್ನೆ. ಗಾಲೆ, ಮಿರಿಸ್ಸಾ ಇರುವ ದಕ್ಷಿಣಕ್ಕೆ ಹೋಗೋದಾ, ಟ್ರಿಂಕೋಮಲಿ ಇರುವ ಪೂರ್ವಕ್ಕೆ ಹೋಗೋದಾ? ಎರಡೂ ಕಡೆ ಉಳಿದು ನೋಡಿದ್ದೇನೆ. ತಿರುಗಾಡಬೇಕು ಅಂದರೆ ದಕ್ಷಿಣ, ದಣಿವು ಆರಬೇಕು ಅಂದರೆ ಪೂರ್ವ. ಆದರೆ ಅದಕ್ಕೂ ಮೊದಲು ತಿಂಗಳು ಯಾವುದು ನೋಡಿಕೊಳ್ಳಿ.

ಲಂಕೆಗೆ ಎರಡು ಮಳೆಗಾಲ. ನಮ್ಮ ಕರಾವಳಿಗೆ ಮಳೆ ತರುವ ಮುಂಗಾರೇ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅವರ ಪಶ್ಚಿಮ ಮತ್ತು ದಕ್ಷಿಣ ತೀರಕ್ಕೂ ಬಡಿಯುತ್ತದೆ. ಮೋಡವನ್ನು ನಡುವಿನ ಬೆಟ್ಟಗಳು ತಡೆಯುತ್ತವೆ. ಮಂಗಳೂರಿನಲ್ಲಿ ಧೋ ಅಂತ ಸುರಿಯುವಾಗ ಚಿತ್ರದುರ್ಗದಲ್ಲಿ ಬಿಸಿಲು ಕಾಯುತ್ತಿರುತ್ತದಲ್ಲ, ಹಾಗೆ ಆಗ ಪೂರ್ವ ತೀರ ಒಣಗಿರುತ್ತದೆ, ಕಡಲೂ ಶಾಂತ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಿಂಗಾರು ಬಂದಾಗ ಎಲ್ಲ ಉಲ್ಟಾ. ಪೂರ್ವದಲ್ಲಿ ಮಳೆ, ಅಲೆ ಜೋರು. ಡಿಸೆಂಬರ್ ಹೊತ್ತಿಗೆ ದಕ್ಷಿಣದಲ್ಲಿ ಚೆಂದದ ಹವೆ.

ಹಾಗಾಗಿ ಕ್ರಿಸ್‌ಮಸ್ ರಜೆಗೆ ದಕ್ಷಿಣ, ಮಕ್ಕಳ ಬೇಸಿಗೆ ರಜೆಯ ಮೇ ತಿಂಗಳಿಗೆ ಪೂರ್ವ. ಇದರಲ್ಲಿ ಎರಡನೇ ಮಾತಿಲ್ಲ. ದಸರಾ ರಜೆಗೆ ನಾನು ಎರಡನ್ನೂ ಹೇಳುವುದಿಲ್ಲ, ಅಕ್ಟೋಬರ್‌ನಲ್ಲಿ ಎಲ್ಲ ಕಡೆ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಏಪ್ರಿಲ್‌ನಲ್ಲಿ ಎರಡೂ ನಡೆಯುತ್ತವೆ. ಆದರೆ 13, 14ರ ಸುಮಾರಿಗೆ ಅವರ ಹೊಸವರ್ಷ. ಅಂಗಡಿಗಳು ಮುಚ್ಚಿರುತ್ತವೆ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ತಲುಪುವ ವಿಷಯದಲ್ಲಿ ದಕ್ಷಿಣವೇ ಗೆಲ್ಲುತ್ತದೆ. ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ಗಾಲೆಗೆ ರೈಲಿನಲ್ಲಿ ಎರಡೂವರೆ ಗಂಟೆ, ಟಿಕೆಟ್ಟೂ ಅಗ್ಗ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಹಳಿ ಎಷ್ಟು ದಂಡೆಗೆ ಅಂಟಿಕೊಂಡಿದೆ ಅಂದರೆ, ಕೆಲವು ಕಡೆ ಕಿಟಕಿಗೂ ನೀರಿಗೂ ನಡುವೆ ಇರುವುದು ಒಂದಿಷ್ಟು ಕಪ್ಪು ಬಂಡೆ ಮಾತ್ರ. ಮುಖಕ್ಕೆ ಉಪ್ಪುಗಾಳಿ ಹೊಡೆಯುತ್ತದೆ. ಅವಸರ ಇದ್ದವರಿಗೆ ಎಕ್ಸ್‌ಪ್ರೆಸ್‌ವೇ ಇದೆ.

ಗಾಲೆ ಕೋಟೆ ನನಗೆ ತುಂಬಾ ಇಷ್ಟದ ಜಾಗ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದು, ದೊಡ್ಡದಾಗಿ ಕಟ್ಟಿದವರು ಡಚ್ಚರು. 2004ರ ಸುನಾಮಿಯಲ್ಲಿ ಹೊರಗಿನ ಊರು ಕೊಚ್ಚಿಹೋದಾಗಲೂ ಈ ಗೋಡೆಗಳು ಒಳಗಿನವರನ್ನು ಕಾಪಾಡಿದವು. ಸಂಜೆ ಗೋಡೆಯ ಮೇಲೆ ಒಂದು ಸುತ್ತು ನಡೆದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಕ್ರಿಕೆಟ್ ಮೈದಾನ. 2010ರಲ್ಲಿ ಮುರಳೀಧರನ್ ನಮ್ಮವರ ಮೇಲೆ 800ನೇ ವಿಕೆಟ್ ತೆಗೆದದ್ದು ಅಲ್ಲೇ.

ಆದರೆ ವಿಶ್ರಾಂತಿ ಅಂತ ಬಂದರೆ ದಕ್ಷಿಣದಲ್ಲಿ ನನಗೆ ಅದು ಸಿಗಲಿಲ್ಲ. ಮುಖ್ಯ ಕಾರಣ ರಸ್ತೆ. ಕೊಲಂಬೊದಿಂದ ಬರುವ ಹಳೆಯ ಗಾಲೆ ರಸ್ತೆ ದಂಡೆಯ ಪಕ್ಕದಲ್ಲೇ ಓಡುತ್ತದೆ. ಎಷ್ಟೋ ಹೋಟೆಲ್‌ಗಳಿಗೆ ಮುಂದೆ ಸಮುದ್ರ, ಹಿಂದೆ ಬಸ್ಸು. ಅಲ್ಲಿನ ಬಸ್ಸಿನವರು ಹಾರ್ನ್ ಬಿಟ್ಟು ಕೈ ತೆಗೆಯುವುದಿಲ್ಲ. ಹಿಕ್ಕಡುವದಲ್ಲಂತೂ ಅಲೆಯ ಸದ್ದು ಯಾವುದು, ರಸ್ತೆಯದು ಯಾವುದು ಅಂತ ಬೇರೆ ಮಾಡಲು ಆಗಲಿಲ್ಲ. ಮಿರಿಸ್ಸಾದಲ್ಲಿ ರಾತ್ರಿ ಹಾಡು ನಿಲ್ಲುವ ಹೊತ್ತಿಗೆ, ನೀಲಿ ತಿಮಿಂಗಿಲ ನೋಡುವ ದೋಣಿಗೆ ಎದ್ದು ಹೊರಡುವ ಸಮಯ ಬಂದಿರುತ್ತದೆ. ಮತ್ತೆ ಅಲ್ಲಿ ನೋಡಲು ಏನಾದರೂ ಒಂದು ಇದ್ದೇ ಇರುತ್ತದೆ. ಇವತ್ತು ಆಮೆ, ನಾಳೆ ಕೋಟೆ, ನಾಡಿದ್ದು ಸರ್ಫಿಂಗ್ ಪಾಠ. ಮಲಗೋಣ ಅಂದುಕೊಂಡವರೂ ಎದ್ದು ಓಡುತ್ತಾರೆ. ದಕ್ಷಿಣಕ್ಕೇ ಹೋಗುವುದಾದರೆ ಉನವಟುನದಲ್ಲಿ ಉಳಿಯಿರಿ. ಬಂಡೆಸಾಲಿನ ಮರೆ ಇರುವುದರಿಂದ ಅಲೆಯ ಹೊಡೆತ ಕಡಿಮೆ, ಮುಖ್ಯರಸ್ತೆಯೂ ದೂರ.

ಪೂರ್ವಕ್ಕೆ ಹೋಗುವುದು ಸುಲಭ ಅಲ್ಲ. ಕೊಲಂಬೊದಿಂದ ಟ್ರಿಂಕೋಮಲಿಗೆ ಸುಮಾರು 260 ಕಿಲೋಮೀಟರ್, ಕಾರಿನಲ್ಲಿ ಆರು ಗಂಟೆ ಇಡಿ. ಹಿರಿಯರು ಜೊತೆಗಿದ್ದರೆ ಹಬರಣದಲ್ಲಿ ಒಂದು ರಾತ್ರಿ ನಿಂತು ಹೋಗುವುದು ಒಳ್ಳೆಯದು. ಸಿಗಿರಿಯಾ ಬಂಡೆ ಪಕ್ಕದಲ್ಲೇ ಇದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಆದರೆ ಮಿನ್ನೇರಿಯಾ ಕೆರೆಯ ಹತ್ತಿರ ಆನೆಗಳ ದೊಡ್ಡ ಹಿಂಡೇ ಸೇರುತ್ತದೆ. ಈ ದೂರ, ಜೊತೆಗೆ 2009ರವರೆಗೂ ನಡೆದ ಯುದ್ಧ, ಎರಡೂ ಸೇರಿ ಪೂರ್ವದಲ್ಲಿ ಕಟ್ಟಡಗಳು ತಡವಾಗಿ ಎದ್ದವು. ಆ ಜನ ಪಟ್ಟ ಪಾಡು ನೆನೆದರೆ ಹೊಟ್ಟೆ ಕಿವುಚುತ್ತದೆ. ಈಗ ಅಲ್ಲಿ ದುಡ್ಡು ಖರ್ಚು ಮಾಡುವುದಾದರೆ ಊರಿನವರೇ ನಡೆಸುವ ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಮೆಚ್ಚಿದ್ದು ಟ್ರಿಂಕೋಮಲಿಯ ಉತ್ತರಕ್ಕಿರುವ ನಿಲಾವೆಲಿ. ದಂಡೆ ಉದ್ದಕ್ಕೆ ಚಾಚಿಕೊಂಡಿದೆ, ರಸ್ತೆ ಒಳಗೆ ದೂರದಲ್ಲಿದೆ. ಬೆಳಿಗ್ಗೆ ಮೀನುಗಾರರು ಎರಡು ಸಾಲಾಗಿ ನಿಂತು ದಡದಿಂದಲೇ ಬಲೆ ಎಳೆಯುತ್ತಾರೆ, ಥೇಟ್ ನಮ್ಮ ಕೈರಂಪಣಿ. ಹಗ್ಗ ಎಳೆದವರು ಎಳೆದಷ್ಟನ್ನೂ ಸುತ್ತಿಡುತ್ತಾ ಹಿಂದೆ ಹಿಂದೆ ನಡೆಯುತ್ತಾರೆ, ಎರಡು ಸಾಲು ನಿಧಾನಕ್ಕೆ ಹತ್ತಿರ ಬರುತ್ತವೆ. ಬಲೆಯ ಚೀಲ ಮರಳಿಗೆ ಬರುವ ಹೊತ್ತಿಗೆ ಕಾಗೆಗಳೂ ಹೆಂಗಸರೂ ಬುಟ್ಟಿಗಳೂ ಸೇರಿರುತ್ತವೆ. ಮುಗಿಯಲು ಗಂಟೆಗಟ್ಟಲೆ ಬೇಕು. ನೋಡುತ್ತಾ ಕೂತವರಿಗೆ ಗಡಿಯಾರದ ನೆನಪೇ ಬರುವುದಿಲ್ಲ. ನನಗೆ ರಜೆ ಅಂದರೆ ಇದೇ.

ಅಲ್ಲಿಂದ ದೋಣಿಯಲ್ಲಿ ಸ್ವಲ್ಪ ಹೊತ್ತು ಹೋದರೆ ಪಿಜನ್ ಐಲ್ಯಾಂಡ್. ನೀರೊಳಗೆ ಮುಖ ಇಟ್ಟರೆ ಹವಳ, ಬಣ್ಣದ ಮೀನು, ಅದೃಷ್ಟ ಇದ್ದರೆ ಕಪ್ಪು ರೆಕ್ಕೆತುದಿಯ ಸಣ್ಣ ಶಾರ್ಕ್. ಅವು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ದಡದ ತುಂಬಾ ಸತ್ತ ಹವಳದ ಚೂರು, ಬರಿಗಾಲಿಗೆ ಚುಚ್ಚುತ್ತದೆ, ಚಪ್ಪಲಿ ಬೇಕೇ ಬೇಕು. ದಯವಿಟ್ಟು ಹವಳದ ಮೇಲೆ ನಿಲ್ಲಬೇಡಿ. ಜನ ತುಳಿದರೆ ಹಾಳಾಗುತ್ತದೆ. ಮೊದಲ ದೋಣಿಗೇ ಹೋಗಿ, ಹತ್ತು ಗಂಟೆಯ ಮೇಲೆ ಜಾತ್ರೆ.

ಟ್ರಿಂಕೋಮಲಿ ಊರಿನಲ್ಲಿ ಕೋಣೇಶ್ವರ ದೇವಸ್ಥಾನ ಇದೆ, ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ. ಹಳೆಯ ಗುಡಿಯನ್ನು 17ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿ, ಕಲ್ಲನ್ನು ಕೋಟೆಗೆ ಬಳಸಿದರು. ಈಗ ಇರುವುದು ಕಳೆದ ಶತಮಾನದ್ದು. ದಾರಿಯಲ್ಲಿ ಜಿಂಕೆಗಳು ನಾಯಿಗಳ ಹಾಗೆ ಓಡಾಡಿಕೊಂಡಿರುತ್ತವೆ.

ಸಸ್ಯಾಹಾರಿಗಳಿಗೂ ಪೂರ್ವವೇ ವಾಸಿ. ಟ್ರಿಂಕೋಮಲಿಯಲ್ಲಿ ತಮಿಳರ ಸಸ್ಯಾಹಾರಿ ಹೋಟೆಲ್‌ಗಳಿವೆ, ಬೆಳಿಗ್ಗೆ ಇಡ್ಲಿ, ವಡೆ, ದೋಸೆ ಸಿಗುತ್ತದೆ. ಬೆಂಗಳೂರಿನಲ್ಲಿ ಕಲಿತ ಅಲ್ಪಸ್ವಲ್ಪ ತಮಿಳೂ ಕೆಲಸಕ್ಕೆ ಬರುತ್ತದೆ. ದಕ್ಷಿಣದಲ್ಲಿ ತೆಂಗಿನ ಹಾಲಿನ ಬೇಳೆ, ಎಳೆ ಹಲಸಿನ ಪಲ್ಯ ಅದ್ಭುತ. ಆದರೆ ಕಾಯಿತುರಿಯ ಪೋಲ್ ಸಂಬೋಲ್‌ಗೆ ಒಣಮೀನಿನ ಚೂರು ಹಾಕುವುದು ರೂಢಿ. ‘ಉಂಬಲಕಡ ಬೇಡ’ ಅಂತ ಮೊದಲೇ ಹೇಳಬೇಕು. ಬೈನೆ ಮರದ ಬೆಲ್ಲದ ಪಾಕ ಹಾಕಿದ ಎಮ್ಮೆ ಮೊಸರನ್ನು ಮಾತ್ರ ದಕ್ಷಿಣದಲ್ಲೇ ತಿನ್ನಬೇಕು.

ಪೂರ್ವದ ದೊಡ್ಡ ಕೊರತೆ ಬಿಸಿಲು. ಜುಲೈ ಮಧ್ಯಾಹ್ನ ಒಣ ಗಾಳಿ ಬೀಸುತ್ತದೆ, ಹನ್ನೊಂದರಿಂದ ಮೂರರವರೆಗೆ ಹೊರಗೆ ಕಾಲಿಡಲು ಆಗುವುದಿಲ್ಲ. ಸೂರ್ಯ ಮುಳುಗುವುದು ಕಡಲಿನಲ್ಲಲ್ಲ, ಬೆನ್ನ ಹಿಂದೆ. ಅದಕ್ಕಾಗಿಯೇ ಬರುವವರು ದಕ್ಷಿಣಕ್ಕೆ ಹೋಗಲಿ. ಅರುಗಮ್ ಬೇ ಸರ್ಫಿಂಗ್‌ನವರ ಊರು, ಬಿಟ್ಟುಬಿಡಿ. ಪುಟ್ಟ ಮಕ್ಕಳಿದ್ದರೆ ಪಾಸಿಕುಡ ನೋಡಿ, ದಡದಿಂದ ತುಂಬಾ ದೂರದವರೆಗೆ ನೀರು ಆಳ ಇರುವುದಿಲ್ಲ. ಆದರೆ ರೆಸಾರ್ಟ್‌ನಿಂದ ಹೊರಗೆ ಬಂದರೆ ಮಾಡಲು ಏನೂ ಇಲ್ಲ.

ಒಂದೇ ವಾರದಲ್ಲಿ ಎರಡೂ ತೀರ ಮುಗಿಸೋಣ ಅಂತ ಮಾತ್ರ ಹೊರಡಬೇಡಿ. ಗಾಲೆಯಿಂದ ಟ್ರಿಂಕೋಮಲಿಗೆ ಒಂದಿಡೀ ದಿನ ಕಾರಿನಲ್ಲೇ ಕಳೆಯುತ್ತದೆ. ಒಂದು ತೀರ ಹಿಡಿಯಿರಿ, ಅಲ್ಲೇ ಇರಿ. ವಾಪಸ್ ಬರುವ ಹಿಂದಿನ ರಾತ್ರಿಗೆ ನೆಗೊಂಬೊದಲ್ಲಿ ರೂಮ್ ಮಾಡಿ, ಏರ್‌ಪೋರ್ಟ್ ಅಲ್ಲಿಗೆ ಹತ್ತಿರ.